ಮರಸೇಬಿನ ಹಲಗೆಯಲ್ಲಿ ಅವ್ವನ ಮುಖ

ಸಂತ ಗಾಲ್ ಹಬ್ಬ, ಅಕ್ಟೋಬರ್ 16, 1488

ನನ್ನ ಅವ್ವನನ್ನು ಕೊಲೆಗಾತಿ ಮಾಡಿಬಿಟ್ಟಿದ್ದಾರೆ. ಮೈಯೆಲ್ಲ ಉರಿಯುತ್ತಿದೆ. ಯಾರ ಮುಂದೆ ಹೇಳಿಕೊಳ್ಳಬೇಕೋ ತಿಳಿಯದೆ ಕೆಟ್ಟುಹೋದ ಅಚ್ಚಿನ ಹಾಳೆಗಳ ಬೆನ್ನ ಮೇಲೆ ಬರೆಯಲು ಕೂತಿದ್ದೇನೆ. ಅಚ್ಚಿನ ಹಲಗೆ ಕೊರೆಯುವವರ ಮನೆಯಲ್ಲಿ ಇಂಥ ಹಾಳೆಗೇನೂ ಬರವಿಲ್ಲ.

ಬೆಳಿಗ್ಗೆ ನೂಲು ತರಲು ಹೋದವಳು ಮೀನು ಪೇಟೆಯ ಬಾವಿಯ ಹತ್ತಿರ ಜನ ಮುತ್ತಿಕೊಂಡಿದ್ದು ಕಂಡು ನಿಂತೆ. ಕಂಬಕ್ಕೆ ಹೊಸ ಚಿತ್ರಪಟ ಅಂಟಿಸಿದ್ದರು. ಓದು ಬರುವ ಒಬ್ಬ ಗಟ್ಟಿಯಾಗಿ ಓದುತ್ತಿದ್ದ. ಎಲ್ಲೋ ದೂರದೂರಿನ ಹೆಂಗಸು, ಮೂವರು ಗಂಡಂದಿರಿಗೆ ಒಬ್ಬರಾದ ಮೇಲೆ ಒಬ್ಬರಿಗೆ ವಿಷ ಹಾಕಿದಳಂತೆ. ನಾನೂ ಎಲ್ಲರ ಹಾಗೆ ಕತ್ತು ಚಾಚಿ ನೋಡಿದೆ. ಕೈಯಲ್ಲಿ ಬಟ್ಟಲು ಹಿಡಿದು ನಿಂತಿದ್ದವಳು ನನ್ನ ಅವ್ವ. ಜೋತುಬಿದ್ದ ಬಲಗಣ್ಣಿನ ರೆಪ್ಪೆ, ಹಲ್ಲು ಹೋಗಿ ಒಳಗೆಳೆದ ಮೇಲ್ದುಟಿ, ನಗುವನ್ನು ತಡೆದುಕೊಂಡಾಗ ಕೆನ್ನೆಯಲ್ಲಿ ಬೀಳುವ ಆ ಗೆರೆ. ಆ ಗೆರೆ ನನಗೆ ಗೊತ್ತಿಲ್ಲದೆ ಇರುತ್ತದೆಯೇ? ಕೊರೆದವಳೇ ನಾನು.

ಮೂರು ವರ್ಷದ ಹಿಂದೆ ಅದು ಅನ್ನಮ್ಮನ ಪಟ. ಮೇರಿ ಮಾತೆಯ ತಾಯಿ, ಬಸುರಿಯರನ್ನು ಕಾಯುವ ಪುಣ್ಯವತಿ. ಅಚ್ಚಿನ ಮನೆಯ ಬುರ್ಕಾರ್ಟ್ ಯಜಮಾನರು ನನ್ನ ಗಂಡ ಯೋಸ್‌ಗೆ ಆ ಕೆಲಸ ಕೊಟ್ಟಿದ್ದರು. ಚಿತ್ರಗಾರ ಮರಸೇಬಿನ ಹಲಗೆಯ ಮೇಲೆ ತಲೆಯ ಮುಸುಕು, ನಿಲುವಂಗಿಯ ಮಡಿಕೆ ಎಲ್ಲ ಬರೆದು, ಮುಖದ ಜಾಗದಲ್ಲಿ ಒಂದು ಮೊಟ್ಟೆ, ಎರಡು ಚುಕ್ಕೆ ಇಟ್ಟು ಕಳಿಸಿದ್ದ. ನಮ್ಮ ಉಲ್ಮ್ ಊರಿನಲ್ಲಿ ಆಗ ಮರದ ಮೇಲೆ ಮುಖವೆಂದರೆ ಅಷ್ಟೇ. ಯೋಸ್ ಬಟ್ಟೆಯ ಮಡಿಕೆ ಕೊರೆಯುವುದರಲ್ಲಿ ಹುಲಿ. ಮುಖಕ್ಕೆ ಬಂದರೆ ಚಾಕು ನನ್ನ ಕೈಗೆ ಕೊಡುತ್ತಾನೆ. ನನಗೆ ಮೊಟ್ಟೆ ಕೊರೆದು ಕೊರೆದು ಬೇಸರವಾಗಿತ್ತು. ಕಣ್ಣಿನ ಕೆಳಗೆ ಕೂದಲೆಳೆಯಂಥ ಗೆರೆಗಳನ್ನು ಬಿಟ್ಟು ನೆರಳು ತಂದೆ. ಮೊದಲ ಹಾಳೆ ಎತ್ತಿದಾಗ ಅವ್ವ ನನ್ನನ್ನೇ ನೋಡುತ್ತಿದ್ದಳು. ಆವತ್ತಿನ ಹಿಗ್ಗು ಇನ್ನೂ ನೆನಪಿದೆ. ಈ ಊರಿನ ಅರ್ಧ ಹೆಂಗಸರು ಆ ಪಟವನ್ನು ಮಂಚದ ತಲೆಯ ಹತ್ತಿರ ಅಂಟಿಸಿಕೊಂಡು ಹೆತ್ತಿದ್ದಾರೆ.

ಈಗ ತಲೆಯ ಹಿಂದಿನ ಪ್ರಭಾವಳಿಯನ್ನು ಕೆತ್ತಿ ತೆಗೆದಿದ್ದಾರೆ. ಕೈಯಲ್ಲಿದ್ದ ಜಪದ ಪುಸ್ತಕವನ್ನು ಅಗೆದು, ಆ ತೂತಿಗೆ ಬೇರೆ ಮರದ ಬೆಣೆ ಕೂರಿಸಿ, ಅದರಲ್ಲಿ ವಿಷದ ಬಟ್ಟಲು ಕೊರೆದಿದ್ದಾರೆ. ಪಕ್ಕದಲ್ಲಿದ್ದ ಮೇರಿ ಮಾತೆಯನ್ನು ಗರಗಸ ಹಾಕಿ ಬೇರೆ ಮಾಡಿದ್ದಾರೆ. ಮಗಳನ್ನು ತಾಯಿಯಿಂದ ಕೊಯ್ದವರಿಗೆ ಮಿಕ್ಕಿದ್ದೇನು ಲೆಕ್ಕ.

ಅಕ್ಟೋಬರ್ 17

ಬುರ್ಕಾರ್ಟ್ ಯಜಮಾನರ ಅಚ್ಚಿನ ಮನೆಗೆ ಹೋದೆ. ಅವರು ಕಿಟಕಿಯ ಹತ್ತಿರ ಕೂತು ಅಕ್ರೋಟು ಒಡೆಯುತ್ತಿದ್ದರು.

“ಬಾರಮ್ಮ ಆಫ್ರಾ. ತಗೋ, ಹೊಸ ಅಕ್ರೋಟು.”

“ತಿನ್ನೋಕೆ ಬಂದಿಲ್ಲ ಯಜಮಾನ್ರೇ. ನಮ್ಮವ್ವನ ಮುಖ ತಗೊಂಡು ಏನ್ ಮಾಡಿದೀರಿ ನೀವು?”

“ನಿಮ್ಮವ್ವನ ಮುಖವಾ? ನಿಮ್ಮವ್ವನ್ನ ನಾನು ಪೇಟೇಲಿ ಹುಳಿಕೋಸು ಮಾರ್ತಾ ಪೀಪಾಯಿ ಹಿಂದೆ ನಿಂತಿರೋದು ನೋಡಿರೋದು ಬಿಟ್ರೆ ಬೇರೆಲ್ಲೂ ಕಂಡಿಲ್ಲ.”

ಅನ್ನಮ್ಮನ ಪಟದ ಮುಖ ಅವ್ವನದು ಎಂದು ಹೇಳಿದೆ. ನಕ್ಕರು. ಎದ್ದು ಹೋಗಿ ತಾವೇ ಅಚ್ಚು ಹಾಕಿದ ಲೋಕದ ಚರಿತ್ರೆಯ ಪುಸ್ತಕ ತಂದು ನನ್ನ ಮುಂದೆ ಬಿಡಿಸಿದರು.

“ನೋಡು, ಇದು ಟ್ರಾಯ್. ಹಾಳೆ ತಿರುವು. ಇದು ರೋಮ್. ಇನ್ನೂ ತಿರುವು. ಇದು ಜೆರುಸಲೇಮ್. ಮೂರಕ್ಕೂ ಒಂದೇ ಹಲಗೆ. ಇಲ್ಲೀವರೆಗೆ ಜೆರುಸಲೇಮಿಂದ ಯಾರೂ ಬಂದು ನನ್ನ ಹತ್ರ ಜಗಳ ತೆಗೆದಿಲ್ಲ. ಊರು ಅಂದ್ರೆ ಊರು, ರಾಜ ಅಂದ್ರೆ ರಾಜ, ಮುದುಕಿ ಅಂದ್ರೆ ಮುದುಕಿ. ಪಟ ನೋಡಿ ಯಾರಮ್ಮ ಯಾರನ್ನ ಗುರುತು ಹಿಡೀತಾರೆ?”

“ನಾನು ಕೊರೆದ್ರೆ ಹಿಡೀತಾರೆ.”

ಬಾಯಿಂದ ಬಂದುಬಿಟ್ಟಿತು. ಅಕ್ರೋಟು ಒಡೆಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀನಾ? ನಾನು ಕೆಲಸ ಕೊಟ್ಟಿದ್ದು ಯೋಸ್‌ಗೆ” ಎಂದರು. ಆಮೇಲೆ ಅದೇ ಹಳೆಯ ಮಾತು. ಹಲಗೆ ಅವರದು. ಮರ ಅವರದು. ತಮ್ಮ ಮರದಲ್ಲಿ ಸಂತಳನ್ನು ಮಾಡಿಸುವುದೂ ಪಾಪಿಯನ್ನು ಮಾಡಿಸುವುದೂ ಅವರಿಷ್ಟ.

ನಾಚಿಕೆಗೆಟ್ಟ ಮನುಷ್ಯ. ಮುಖವೊಂದು ಮರದ ಮೇಲೆ ಇದ್ದ ಮಾತ್ರಕ್ಕೆ ಮರದವನ ಸ್ವತ್ತಾಗುತ್ತದೆಯೇ? ದಾರಿಯುದ್ದಕ್ಕೂ ಕೊಡಬೇಕಾಗಿದ್ದ ಉತ್ತರಗಳು ಒಂದೊಂದಾಗಿ ಬಾಯಿಗೆ ಬಂದವು.

ಸಂತ ಉರ್ಸುಲಾ ದಿನ, ಅಕ್ಟೋಬರ್ 21

ಅವ್ವನಿಗೆ ನಾನು ಹೇಳದಿದ್ದರೂ ಊರು ಹೇಳಿತು. ಊರ ಬಾಯಿಗೆ ಮುಚ್ಚಳ ಎಲ್ಲಿದೆ?

ಮಧ್ಯಾಹ್ನ ಪೀಪಾಯಿಯ ಕೈಗಾಡಿಯನ್ನು ತಳ್ಳಿಕೊಂಡು ನಮ್ಮ ಬಾಗಿಲಿಗೆ ಬಂದಳು. ಹುಳಿಕೋಸು ಕಂಠದ ತನಕ ಹಾಗೇ ಇತ್ತು. ಈ ಹೊತ್ತಿಗೆ ಅವಳ ಪೀಪಾಯಿ ತಳ ಕಾಣಬೇಕಿತ್ತು.

“ಯಾರೂ ಕೊಳ್ಳಲಿಲ್ವೇನವ್ವ?”

“ಚಮ್ಮಾರನ ಹೆಂಡ್ತಿ ಒಬ್ಬಳು ಬಂದ್ಲು. ನೀನು ಒಂದು ತುತ್ತು ಮೊದಲು ತಿನ್ನು, ಆಮೇಲೆ ನಾನು ತಗೋತೀನಿ ಅಂದ್ಲು. ತಿಂದೆ. ಇನ್ನೊಂದು ತುತ್ತು ಅಂದ್ಲು. ಅದನ್ನೂ ತಿಂದೆ. ಬಿಟ್ಟಿದ್ರೆ ಪೀಪಾಯಿ ಪೂರ್ತಿ ನಾನೇ ಖಾಲಿ ಮಾಡ್ತಿದ್ದೆ.” ಕೂತು ಮುಸುಕು ಬಿಚ್ಚಿದಳು. “ಅಲ್ಲ ಕಣೇ, ನಾನು ಹೂತಿದ್ದು ಇಬ್ಬರು ಗಂಡಂದಿರನ್ನ. ಅವನು ಮೂರು ಅಂತ ಬರೆದಿದಾನಂತೆ. ಆ ಮೂರನೆಯವನು ಯಾರು ಅಂತ ಕೇಳಿ ಹೇಳು, ನೋಡೋಕಾದ್ರೂ ಚೆನ್ನಾಗಿದ್ದನಾ?”

ನನಗೆ ನಗು ಬರಲಿಲ್ಲ. ಅವಳು ಹಾಗೆಯೇ. ನನ್ನಪ್ಪ ದೊಡ್ಡ ಚರ್ಚಿನ ಗೋಪುರದ ಸಾರುವೆಯಿಂದ ಬಿದ್ದು ಸತ್ತ ದಿನವೂ ಕಲ್ಲು ಕೆಲಸದವರಿಗೆ ಗಂಜಿ ಬಡಿಸಿ ಆಮೇಲೆ ಅತ್ತವಳು. ಎರಡನೆಯವನು ಹೊಟ್ಟೆ ಉಬ್ಬಿ ಹೋದ. ಆರು ತಿಂಗಳು ಅವನ ಮಲಮೂತ್ರ ಬಾಚಿದಳು. ಅಂಥವಳಿಗೆ ಈ ಪಟ್ಟ.

“ಪಟ ನೋಡಿದ್ಯಾ?” ಎಂದು ಕೇಳಿದೆ.

“ನೋಡ್ದೆ. ರೆಪ್ಪೆ ಚೆನ್ನಾಗಿ ಬಂದಿದೆ” ಎಂದಳು.

ಅಕ್ಟೋಬರ್ 28

ಪಟ ತಂದು ಕಿಟಕಿಯ ಬೆಳಕಿಗೆ ಹಿಡಿದು ಬೆಳಗಿನಿಂದ ನೋಡಿದೆ. ಪ್ರಭಾವಳಿ ಇದ್ದ ಜಾಗದಲ್ಲಿ ಸಣ್ಣ ಮಸಿಯ ಕಲೆಗಳಿವೆ. ಮರವನ್ನು ಪೂರ್ತಿ ತಗ್ಗಿಗೆ ಇಳಿಸದೆ, ಚಾಕುವನ್ನು ವಾಲಿಸಿ ಹೆರೆದಾಗ ಉಳಿಯುವ ಕಲೆ. ಈ ಊರಿನಲ್ಲಿ ಹಾಗೆ ವಾಲಿಸಿ ಹೆರೆಯುವವನು ಒಬ್ಬನೇ. ಹನ್ನೊಂದು ವರ್ಷದಿಂದ ಅವನ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿದ್ದೇನೆ.

ಯೋಸ್ ಕಲ್ಲಿನ ಮೇಲೆ ಚಾಕು ಮಸೆಯುತ್ತಿದ್ದ. ಪಟವನ್ನು ಅವನ ಮುಂದೆ ಹಿಡಿದೆ.

“ಇದು ನಿನ್ನ ಕೈ.”

“ಹೂಂ.”

“ಹೂಂ ಅಂದ್ರೇನು?”

“ಬುರ್ಕಾರ್ಟ್ ಹಲಗೆ ಕಳಿಸಿದ್ರು. ಪ್ರಭಾವಳಿ ತೆಗಿ, ಬಟ್ಟಲು ಕೂರಿಸು ಅಂದ್ರು. ತೆಗೆದೆ, ಕೂರಿಸಿದೆ. ನೀನು ಆವತ್ತು ಬಟ್ಟೆ ಒಗೆಯೋಕೆ ಹೋಗಿದ್ದೆ.”

“ಅದರಲ್ಲಿ ನಮ್ಮವ್ವ ಇದ್ದದ್ದು ಕಾಣಿಸಲಿಲ್ವಾ ನಿನಗೆ?”

“ನಾನು ಗೆರೆ ನೋಡ್ತೀನಿ ಆಫ್ರಾ. ಮುಖ ನೋಡಲ್ಲ.”

ಅವನ ಊಟದ ತಟ್ಟೆಯನ್ನು ಅಚ್ಚಿನ ಮೇಜಿನ ಮೇಲೆ ಕುಕ್ಕಿ ಬಂದೆ. ಕಟ್ಟಿಕೊಂಡ ಗಂಡ, ಅತ್ತೆಯ ತಲೆಯ ಹಿಂದಿನ ಬೆಳಕನ್ನು ತನ್ನ ಕೈಯಾರೆ ಹೆರೆದು ಗುಡಿಸಿ ಹಾಕಿದ್ದಾನೆ. ಆ ಹೊಟ್ಟಿನಲ್ಲೇ ನಾನು ಒಲೆ ಹಚ್ಚಿರಬೇಕು. ಮರದ ಕೆಲಸದಲ್ಲಿ ಒಂದು ನಿಯಮವಿದೆ. ಇದ್ದ ಗೆರೆಯನ್ನು ಯಾವಾಗ ಬೇಕಾದರೂ ತೆಗೆಯಬಹುದು, ತೆಗೆದ ಗೆರೆಯನ್ನು ಮತ್ತೆ ತರಲಾಗದು. ಇದನ್ನು ನನಗೆ ಹೇಳಿಕೊಟ್ಟವನೇ ಅವನು. ನೋಡದೆ ಕೊರೆಯುವವನ ಕೈಗೆ ಚಾಕು ಕೊಡಲೇಬಾರದು.

ನವೆಂಬರ್ 1

ಎಲ್ಲ ಸಂತರ ಹಬ್ಬ. ಯೋಸ್ ಜೊತೆ ಮಾತಿಲ್ಲ.

ನವೆಂಬರ್ 3

ಮಾತಿಲ್ಲ.

ಸಂತ ಮಾರ್ಟಿನ್ ಹಬ್ಬ, ನವೆಂಬರ್ 11

ಊರೆಲ್ಲ ಬಾತುಕೋಳಿ ಹುರಿಯುತ್ತಿದ್ದರೆ ನಮ್ಮ ಬೀದಿಯ ಹೆಂಗಸರು ಅವ್ವನ ಬಾಗಿಲಲ್ಲಿ ಸೇರಿದ್ದರು. ನಾನು ಅವಳಿಗೆ ಊಟ ಕೊಡಲು ಹೋದಾಗ ಕಂಡೆ. ಒಬ್ಬೊಬ್ಬರ ಕೈಯಲ್ಲೂ ಅನ್ನಮ್ಮನ ಹಳೆಯ ಪಟ. ಹೊಸ ಪಟ ಪಕ್ಕದಲ್ಲಿಟ್ಟು ಹೋಲಿಸಿದ್ದಾರೆ. ಎರಡರಲ್ಲೂ ಒಂದೇ ಮುಖ, ಆ ಮುಖ ಕೋಸು ಮಾರುವ ಒಟ್ಟಿಲಿಯಳದು, ನನ್ನ ಅವ್ವನದು.

“ಇವಳ ಮುಖದ ಮುಂದೆ ನಾನು ಮೊಣಕಾಲೂರಿ ಎರಡು ಹೆತ್ತೆ” ಎಂದಳು ಹಗ್ಗ ಹೊಸೆಯುವವನ ಹೆಂಡತಿ. “ಒಂದು ಸತ್ತಿತು. ಈಗ ಗೊತ್ತಾಯ್ತು ಯಾಕೆ ಅಂತ.”

ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. “ನಿನ್ನ ಮಗು ಸತ್ತಾಗ ಸ್ನಾನ ಮಾಡಿಸಿದವಳು ನಾನೇ ಅಲ್ವೇನೇ ತಾಯಿ” ಎಂದಳು.

“ಅದಕ್ಕೇ ಹೇಳ್ತಿರೋದು.”

ಒಬ್ಬಳು ಅನ್ನಮ್ಮನ ಕಣ್ಣುಗಳನ್ನು ಸೂಜಿಯಿಂದ ತಿವಿದು ತೂತು ಮಾಡಿ ಪಟವನ್ನು ಅವ್ವನ ಕಾಲ ಬಳಿ ಎಸೆದಳು. ನಾನು ನುಗ್ಗಿ ಬಾಯಿಗೆ ಬಂದಂತೆ ಬೈದೆ. ಅವಳ ಮುಸುಕು ಹಿಡಿದು ಎಳೆದೆ ಕೂಡ. ನಾಯಿಗಳೂ ಅನ್ನ ಹಾಕಿದವರನ್ನು ಹೀಗೆ ಕಚ್ಚುವುದಿಲ್ಲ. ಇಷ್ಟು ವರ್ಷ ಅವ್ವನ ಕೋಸು ತಿಂದು, ಅವಳ ಕೈಯಲ್ಲಿ ಹೆಣ ತೊಳೆಸಿಕೊಂಡು, ಒಂದು ಹಾಳೆಯನ್ನು ನಂಬಿದರು. ಮುಖವೊಂದನ್ನು ಕಂಡ ಕೂಡಲೇ ಕಲ್ಲೆತ್ತಿಕೊಳ್ಳುವ ಈ ಜನಕ್ಕೆ ಕಣ್ಣಿದ್ದು ಏನು ಫಲ?

ನವೆಂಬರ್ 14

ನಗರ ಸಭೆಯ ಆಳು ಬಂದಿದ್ದ. ಅವ್ವನನ್ನು ಏನೂ ಗದರಿಸಲಿಲ್ಲ. ಮೃದುವಾಗಿ ಮಾತಾಡಿದ. ನನಗೆ ಭಯವಾದದ್ದು ಅದಕ್ಕೇ. ಎರಡನೆಯ ಗಂಡನ ಹೊಟ್ಟೆ ಎಷ್ಟು ದಿನದಲ್ಲಿ ಉಬ್ಬಿತು, ಯಾವ ಬಣ್ಣಕ್ಕೆ ತಿರುಗಿತು, ಕೊನೆಗೆ ಏನು ತಿಂದ ಎಂದೆಲ್ಲ ಕೇಳಿದ.

“ಕೋಸು ತಿಂದ” ಎಂದಳು ಅವ್ವ. “ನಮ್ಮ ಮನೇಲಿ ಇನ್ನೇನಿರುತ್ತೆ?”

ಆತ ತಲೆಯಾಡಿಸಿ, ಮುಂದಿನ ವಾರ ಸಭೆಯವರು ಕರೆಸಬಹುದು, ಊರು ಬಿಟ್ಟು ಹೋಗಬೇಡಿ ಎಂದು ಹೇಳಿ ಹೋದ. ಕರೆಸಿದರೆ ಎಲ್ಲಿಗೆ ಕರೆಸುತ್ತಾರೆ ಎಂಬುದು ಉಲ್ಮ್‌ನವರಿಗೆಲ್ಲ ಗೊತ್ತು. ಹಗ್ಗಕ್ಕೆ ನೇತುಹಾಕಿ ಪ್ರಶ್ನೆ ಕೇಳುವ ಸೆರೆಮನೆಯ ಗೋಪುರದೊಳಗೆ ಹೋದ ಮುದುಕಿಯರು ಕೇಳಿದ್ದಕ್ಕೆಲ್ಲ ಹೌದು ಅಂದುಬಿಡುತ್ತಾರೆ. ಭುಜ ಕಿತ್ತು ಬಂದ ಮೇಲೆ ಯಾರಾದರೂ ಅನ್ನುತ್ತಾರೆ.

ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದು ಪಕ್ಕದ ಮನೆಯವನು ನನಗೆ ಕೇಳುವ ಹಾಗೇ ಅಂದ. ಬೆಂಕಿ ಇದೆ, ಬುರ್ಕಾರ್ಟ್‌ನ ಅಚ್ಚಿನ ಮನೆಯಲ್ಲಿ ಇದೆ.

ನವೆಂಬರ್ 15

ಮತ್ತೆ ಹೋದೆ. ಈ ಸಲ ಕೂಗಾಡಲಿಲ್ಲ, ಕಾಲಿಗೆ ಬೀಳಲೂ ಇಲ್ಲ. ಮುಖ ತೆಗೆದು ಬೇರೆ ಮುಖ ಕೂರಿಸಿಕೊಡುತ್ತೇನೆ, ಹಲಗೆ ಕೊಡಿ ಎಂದೆ.

ಅವರಿಗೂ ಒಳಗೊಳಗೆ ಅಳುಕು ಹತ್ತಿತ್ತೆಂದು ಕಾಣುತ್ತದೆ. ನಗರ ಸಭೆಯವರು ಅಚ್ಚಿನ ಮನೆಗೂ ಬಂದು ಈ ಮುಖ ಎಲ್ಲಿಂದ ಬಂತು ಎಂದು ಕೇಳಿದರೆ ಕಷ್ಟ. ಪಟವೋ ಚೆನ್ನಾಗಿ ಹೋಗುತ್ತಿದೆ, ಇನ್ನೊಮ್ಮೆ ಅಚ್ಚು ಹಾಕಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

“ಸರಿ, ಕೂರಿಸು. ಆದ್ರೆ ಬೇಗ ಆಗ್ಬೇಕು. ಕಷ್ಟಪಡಬೇಡ, ಒಂದು ಮೊಟ್ಟೆ ಕೊರೆದು ಎರಡು ಚುಕ್ಕೆ ಇಡು. ನಂಗೆ ಅಷ್ಟು ಸಾಕು.”

“ಮೊಟ್ಟೆ ಇಟ್ರೆ ಪಟ ಯಾರು ಕೊಳ್ತಾರೆ ಯಜಮಾನ್ರೇ? ಜನ ನಿಂತು ನೋಡಿದ್ದು ಬಟ್ಟಲು ನೋಡೋಕಲ್ಲ, ಮುಖ ನೋಡೋಕೆ.”

“ಹಾಗಾದ್ರೆ ನಿನ್ನಿಷ್ಟ” ಎಂದು ಹಲಗೆಯನ್ನು ಚೀಲದಲ್ಲಿ ಸುತ್ತಿ ಕೊಟ್ಟರು.

ಮನೆಗೆ ತಂದು ಬಿಚ್ಚಿದೆ. ಬರಿಯ ಹಲಗೆಯಲ್ಲಿ ಎಡ ಬಲ ಅದಲು ಬದಲಾದ ಅವ್ವ. ಮಸಿ ಹೀರಿ ಕಪ್ಪಾಗಿದ್ದಳು. ಉಳಿಯಿಟ್ಟು ಸುತ್ತ ಕೊರೆದು ಮುಖವನ್ನು ಮೇಲೆತ್ತಿದಾಗ ಕೈ ಒಮ್ಮೆ ನಿಂತಿತು. ಬುರ್ಕಾರ್ಟ್‌ಗೆ ಶಾಪ ಹಾಕುತ್ತ ಮುಂದುವರಿಸಿದೆ.

ಸಂತ ಎಲಿಸಬೆತ್ ದಿನ, ನವೆಂಬರ್ 19

ಬೆಣೆ ಸಿದ್ಧವಾಯಿತು. ಬರೆಯುತ್ತಿರುವ ಬೆರಳುಗಳು ಇನ್ನೂ ನೋಯುತ್ತಿವೆ.

ಇದು ಯಾರ ಮುಖವೂ ಅಲ್ಲ. ಅದನ್ನು ನಾನು ಮೊದಲೇ ನಿಶ್ಚಯ ಮಾಡಿಕೊಂಡಿದ್ದೆ. ಆದರೆ ಗಾಳಿಯಲ್ಲಿ ಮುಖ ಹುಟ್ಟುವುದಿಲ್ಲ. ಎರಡು ಬೆಳಿಗ್ಗೆ ಮೀನು ಪೇಟೆಯಲ್ಲಿ ಕೂತು ನೋಡಿದೆ. ಬೆಸ್ತರ ಮುದುಕಿಯೊಬ್ಬಳ ಮೂಗಿನಿಂದ ಸ್ವಲ್ಪ ತೆಗೆದುಕೊಂಡೆ. ಭಿಕ್ಷೆ ಬೇಡುವವಳ ಹಣೆಯ ಸುಕ್ಕು. ಬಸವನಹುಳು ಮಾರುವ ಬಾರ್ಬೆಲ್‌ಳ ಕುತ್ತಿಗೆಯಲ್ಲಿ ಎರಡು ನರ ಹಗ್ಗದಂತೆ ಎದ್ದಿರುತ್ತವೆ. ಗಲ್ಲ ಮುಂದೆ ಚಾಚಿ, ಬಾಯಿ ಸದಾ ಸ್ವಲ್ಪ ತೆರೆದಿರುತ್ತದೆ, ಏನೋ ಹೇಳಲು ಹೊರಟು ಮರೆತವಳ ಹಾಗೆ. ಮರಕ್ಕೆ ಹೇಳಿ ಮಾಡಿಸಿದ ಬಾಯಿ ಅದು. ಮೊಟ್ಟೆ ಕೊರೆಯಲು ನನ್ನ ಕೈ ಒಪ್ಪುವುದಿಲ್ಲ. ಅವ್ವನನ್ನು ಉಳಿಸಬೇಕೆಂದು ಕೊರೆಯುತ್ತಿದ್ದೇನೆ ನಿಜ, ಹಾಗೆಂದು ಕೆಟ್ಟ ಕೆಲಸ ಮಾಡಿ ಕೊಡಬೇಕೇ?

ಯೋಸ್ ನನ್ನ ಹಿಂದೆ ಬಂದು ನಿಂತು ನೋಡಿದ. ತುಂಬಾ ಹೊತ್ತು ನೋಡಿದ. ಗೆರೆ ಮಾತ್ರ ನೋಡುವವನಿಗೆ ಇಲ್ಲೇನು ಕೆಲಸವೋ. ನಾನು ತಿರುಗಲಿಲ್ಲ.

ಬೆಣೆ ಕೂರಿಸಿ ಒಂದು ಹಾಳೆ ಒತ್ತಿ ತೆಗೆದೆ. ಅವ್ವನ ಮುಖಕ್ಕಿಂತ ಇದು ಮೇಲಾಗಿದೆ. ಬರೆಯಲು ಸಂಕೋಚ ಯಾಕೆ? ಮೇಲಾಗಿದೆ.

ಸಂತ ಕ್ಯಾಥರೀನ್ ದಿನ, ನವೆಂಬರ್ 25

ಬುರ್ಕಾರ್ಟ್ ಯಜಮಾನರು ಹಳೆಯ ಪಟ ಅಂಟಿಸಿದ್ದ ಕಡೆಯಲ್ಲೆಲ್ಲ ಅದರ ಮೇಲೇ ಹೊಸದನ್ನು ಅಂಟಿಸಿದರು. ಮೊದಲ ಅಚ್ಚು ಕೆಟ್ಟಿತ್ತು, ನಿಜವಾದ ಕೊಲೆಗಾತಿ ಇವಳು ಎಂದು ಕೂಗಿಸಿದರು. ಊರಿನ ನೆನಪು ಒಂದು ಹಾಳೆಯಷ್ಟೇ ದಪ್ಪ. ನಗರ ಸಭೆಯ ಆಳು ಹೊಸ ಪಟವನ್ನು ಅವ್ವನ ಮುಖದ ಪಕ್ಕಕ್ಕೆ ಹಿಡಿದು ನೋಡಿ, “ಇದೆಲ್ಲಿ, ಅದೆಲ್ಲಿ” ಎಂದು ನಕ್ಕು ಹೋದನಂತೆ. ಸಭೆಯಿಂದ ಕರೆ ಬರಲಿಲ್ಲ.

ಅವ್ವ ಪೀಪಾಯಿ ತಳ್ಳಿಕೊಂಡು ಪೇಟೆಗೆ ಹೋದಳು. ಹಗ್ಗ ಹೊಸೆಯುವವನ ಹೆಂಡತಿಯೇ ಮೊದಲ ಗಿರಾಕಿ, ನಾಚಿಕೆ ಅನ್ನುವುದನ್ನು ಕೋಸಿನ ಜೊತೆ ನುಂಗಿಬಿಟ್ಟಳೆಂದು ಕಾಣುತ್ತದೆ. ನಾನಾಗಿದ್ದರೆ ಅವಳ ತಟ್ಟೆಗೆ ಉಗಿದು ಕೊಡುತ್ತಿದ್ದೆ. ಅವ್ವ ಒಂದು ಹಿಡಿ ಹೆಚ್ಚಿಗೆ ಹಾಕಿದಳಂತೆ.

ಸಂಜೆ ಅಚ್ಚಿನ ಮನೆಗೆ ಹೋಗಿದ್ದೆ. ಜನ ಹೊಸ ಪಟದ ಮುಂದೆ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತಿದ್ದಾರಂತೆ. ಒಬ್ಬಳು ಆ ಬಾಯಿಯನ್ನು ನೋಡಿ ಹೆದರಿ ಅತ್ತಳಂತೆ. ಬುರ್ಕಾರ್ಟ್ ಯಜಮಾನರು ಅಕ್ರೋಟು ಮುಂದಿಟ್ಟರು. ಈ ವರ್ಷದ ಕಾಯಿ ಚೆನ್ನಾಗಿದೆ.

ಡಿಸೆಂಬರ್ 2

ಯೋಸ್ ಜೊತೆ ಮಾತಾಡಿದೆ. “ಆ ಚಿಕ್ಕ ಉಳಿ ಕೊಡು” ಎಂದೆ. ಕೊಟ್ಟ.

ಸಂತ ಬಾರ್ಬರಾ ದಿನ, ಡಿಸೆಂಬರ್ 4

ಇವತ್ತು ನನಗೆ ಬಂದಿರುವ ಸಿಟ್ಟು ಈ ಏಳು ವಾರಗಳಲ್ಲೂ ಬಂದಿರಲಿಲ್ಲ.

ಅವ್ವ ಬಂದಳು. ಗಾಡಿ ಇರಲಿಲ್ಲ. ಕೂರು ಎಂದರೆ ಕೂರಲಿಲ್ಲ.

“ಬಾರ್ಬೆಲ್ ಗೊತ್ತಲ್ಲ ನಿನಗೆ? ಬಸವನಹುಳು ಮಾರೋಳು.”

“ಕಂಡಿದೀನಿ.”

“ಕ್ರಿಸ್ಮಸ್‌ಗೆ ಮುಂಚಿನ ಉಪವಾಸದ ತಿಂಗಳು. ಮಾಂಸ ಮುಟ್ಟೋ ಹಾಗಿಲ್ಲ, ಊರೆಲ್ಲ ಹುಳು ತಿನ್ನೋ ಕಾಲ. ವರ್ಷಕ್ಕೆಲ್ಲ ಅವಳು ದುಡಿಯೋದು ಈ ದಿನಗಳಲ್ಲೇ. ಅವಳ ಬುಟ್ಟಿಯಿಂದ ಒಂದು ಹುಳು ಹೋಗಿಲ್ಲ. ಇವತ್ತು ಅವಳ ಹೆಸರಿನ ಸಂತಳ ಹಬ್ಬ ಬೇರೆ. ಮೇಣದ ಬತ್ತಿ ಹಚ್ಚೋಕೆ ಚರ್ಚಿಗೆ ಹೋದ್ರೆ ಬಾಗಿಲಲ್ಲೇ ತಡೆದು ಕಲ್ಲು ಹೊಡೆದಿದಾರೆ. ಹಣೆ ಒಡೆದಿದೆ.”

ಪಾಪ, ಎಂದೆ. ನಿಜವಾಗಿಯೂ ಅಂದೆ. ಈ ಊರಿನವರು ಮನುಷ್ಯರೇ ಅಲ್ಲ, ಇವರಿಗೆ ಯಾರಾದರೂ ಒಬ್ಬರು ಬೇಕು, ಅವತ್ತು ನೀನು ಸಿಕ್ಕಿದ್ದೆ, ಇವತ್ತು ಅವಳು ಎಂದೆ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

“ಅವಳ ಬಾಯಿ ಅದು” ಎಂದಳು.

“ಯಾರ ಬಾಯೂ ಅಲ್ಲ. ನಾಲ್ಕು ಕಡೆಯಿಂದ ತಂದು ಸೇರಿಸಿದ್ದು. ಬೆಸ್ತರವಳ ಮೂಗಿದೆ, ಇನ್ನೊಬ್ಬಳ ಹಣೆ ಇದೆ. ಅವರ್‍ಯಾರಿಗೂ ಏನೂ ಆಗಿಲ್ವಲ್ಲ. ಮುದುಕಿ ಅಂದ್ರೆ ಮುದುಕಿ ಅವ್ವ. ಪಟ ನೋಡಿ ಯಾರು ಯಾರನ್ನ ಗುರುತು ಹಿಡೀತಾರೆ?”

“ನಾನು ಹಿಡಿದೆ. ಮೊದಲ ದಿನವೇ ಹಿಡಿದೆ.” ಅವಳ ದನಿ ಏರಲಿಲ್ಲ. “ಗೊತ್ತಿದ್ದೂ ಹತ್ತು ದಿನ ಕೋಸು ಮಾರಿಕೊಂಡು ಸುಮ್ಮನಿದ್ದೆ. ಯಾಕೆಂದ್ರೆ ಆ ಅಪವಾದ ನನ್ನ ತಲೆ ಮೇಲಿಂದ ಇಳಿದಿತ್ತಲ್ಲ. ನನ್ನ ಮುಖ ವಾಪಸ್ ಇಡು ಆಫ್ರಾ.”

ತಲೆ ಕೆಟ್ಟಿದೆಯಾ ಎಂದು ಕೇಳಿದೆ. ಗೋಪುರ ಮರೆತುಹೋಯಿತೇ, ಆ ಆಳಿನ ಮೃದು ಮಾತು ಮರೆತುಹೋಯಿತೇ?

“ಮರೆತಿಲ್ಲ. ಹೆದರಿಕೆಯೂ ಇದೆ. ಆದ್ರೆ ನನಗೆ ಅಂತ ಬೀದೀಲಿ ನಿಂತು ಇನ್ನೊಬ್ಬಳ ಮುಸುಕು ಎಳೆಯೋಕೆ ಮಗಳಿದ್ದಾಳೆ. ಅವಳಿಗೆ ಯಾರಿದಾರೆ?”

ಹೊರಟುಹೋದಳು. ಯಾರಿಗಾಗಿ ನಾನು ಇಷ್ಟೆಲ್ಲ ಮಾಡಿದ್ದು? ಬುರ್ಕಾರ್ಟ್ ಮುಂದೆ ಎರಡು ಸಲ ನಿಂತದ್ದು ಯಾರಿಗಾಗಿ? ಬೆರಳು ಬಾತುಕೊಳ್ಳುವವರೆಗೆ ಕೊರೆದದ್ದು ಯಾರಿಗಾಗಿ? ಪ್ರಾಣ ಉಳಿಸಿದ ಮಗಳನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುತ್ತಾಳೆ. ಆ ಬಾರ್ಬೆಲ್‌ಗೆ ಸ್ವಲ್ಪ ದಿನ ಮುಸುಕನ್ನು ಬಾಯಿಯ ಮೇಲೆ ಎಳೆದು ಕಟ್ಟಿಕೊಳ್ಳಲು ಏನಾಗಿದೆ? ಬಾಯಿ ಮುಚ್ಚಿಕೊಂಡಾದರೂ ಇರಬಹುದಲ್ಲ.

ಹಲಗೆಯೇನೂ ನನ್ನದಲ್ಲ. ಅದು ಬುರ್ಕಾರ್ಟ್ ಯಜಮಾನರದು. ಅವರನ್ನು ಕೇಳಲಿ.

ಡಿಸೆಂಬರ್ 5

ಅವ್ವ ಮೀನು ಪೇಟೆಯಲ್ಲಿ ತನ್ನ ಪೀಪಾಯಿಯನ್ನು ಬಾರ್ಬೆಲ್‌ಳ ಬುಟ್ಟಿಯ ಪಕ್ಕಕ್ಕೆ ತಂದಿಟ್ಟುಕೊಂಡು ಕೂತಿದ್ದಾಳಂತೆ. ಹುಳುವಿನ ಬುಟ್ಟಿಯಿಂದ ತೆಗೆದು ಎಲ್ಲರೆದುರು ಬೇಯಿಸಿ ತಿಂದಳಂತೆ. ಬಾರ್ಬೆಲ್ ಇವಳ ಕೋಸು ತಿಂದಳಂತೆ. ಇಬ್ಬರ ಹತ್ತಿರವೂ ಯಾರೂ ಸುಳಿಯುತ್ತಿಲ್ಲ. ಒಂದೂವರೆ ತಿಂಗಳ ಹಿಂದೆ ಅವ್ವನಿಗೆ ಹೀಗೇ ತಿನ್ನಿಸಿದಳೆಂದು ಚಮ್ಮಾರನ ಹೆಂಡತಿಯ ಮೇಲೆ ನಾನು ಕೆಂಡ ಕಾರಿದ್ದೆ, ಈಗ ಅವ್ವ ತಾನೇ ಬೀದಿಗೆ ಬಿದ್ದು ಮಾಡುತ್ತಾಳೆ. ಮೊಂಡುತನಕ್ಕೆ ಮದ್ದಿಲ್ಲ.

ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಬೆಣೆ ಇತ್ತು. ಯೋಸ್ ಕೊರೆದದ್ದು, ವಾಲಿಸಿ ಹೆರೆದ ಅಂಚನ್ನು ನೋಡಿದರೇ ತಿಳಿಯುತ್ತದೆ. ಅಳತೆ ಕರಾರುವಾಕ್ಕಾಗಿ ಆ ಹಲಗೆಯ ಮುಖದ ತೂತಿನದೇ. ಅದರಲ್ಲಿ ಒಂದು ಮೊಟ್ಟೆ, ಎರಡು ಚುಕ್ಕೆ, ಬಾಯಿಗೆ ಒಂದು ಅಡ್ಡ ಗೆರೆ. ಅವನು ಹೊರಗೆ ಮರ ಸೀಳಲು ಹೋಗಿದ್ದ.

ಇಂಥ ಕೆಲಸವನ್ನು ಈ ಮನೆಯಿಂದ ಹೊರಗೆ ಕಳಿಸಿದರೆ ನಾಳೆ ನಮಗೆ ಯಾರು ಕೆಲಸ ಕೊಡುತ್ತಾರೆ? ಒಲೆಗೆ ಹಾಕಿದೆ. ಚೆನ್ನಾಗಿ ಒಣಗಿದ ಮರ, ಬೇಗ ಹತ್ತಿಕೊಂಡಿತು.

ಸಂತ ನಿಕೋಲಸ್ ಹಬ್ಬ, ಡಿಸೆಂಬರ್ 6

ಬುರ್ಕಾರ್ಟ್ ಯಜಮಾನರು ತಾವೇ ನಮ್ಮ ಮನೆಗೆ ಬಂದಿದ್ದರು. ಅದೂ ಯೋಸ್‌ನನ್ನು ಕೇಳಿಕೊಂಡಲ್ಲ, ನನ್ನನ್ನು ಕೇಳಿಕೊಂಡು. ಪಾಪಿಗಳದೇ ಒಂದು ಪುಸ್ತಕ ಮಾಡುತ್ತಾರಂತೆ. ಕಳ್ಳ, ಕುಡುಕ, ಸುಳ್ಳು ಸಾಕ್ಷಿ ಹೇಳುವವಳು, ತೂಕದಲ್ಲಿ ಮೋಸ ಮಾಡುವವನು, ಹೀಗೆ ಪುಟಕ್ಕೊಬ್ಬರು. ಚಿತ್ರಗಾರ ಬಟ್ಟೆ, ಮನೆ, ಮರ ಎಲ್ಲ ಬರೆದು ಮುಖದ ಜಾಗ ಖಾಲಿ ಬಿಟ್ಟು ಕಳಿಸುತ್ತಾನೆ. ಮುಖಗಳು ನನ್ನವು. ಉಲ್ಮ್‌ನಲ್ಲಿ ಇಲ್ಲಿಯವರೆಗೆ ಹೀಗೆ ಯಾವ ಹೆಂಗಸನ್ನೂ ಕೇಳಿಕೊಂಡು ಬಂದಿಲ್ಲ.

“ಮೊಟ್ಟೆ ಬೇಡ ತಾನೇ?” ಎಂದು ಕೇಳಿದೆ.

“ನಿನ್ನಿಂದ ಮೊಟ್ಟೆ ತಗೊಳ್ಳೋಕೆ ನನಗೇನು ಹುಚ್ಚಾ?”

ಒಪ್ಪಿಕೊಂಡೆ. ಯೋಸ್ ತಲೆ ಎತ್ತಲಿಲ್ಲ. ಅವ್ವನಿಗೆ ಯಾರ ಕೈಯಲ್ಲಾದರೂ ಹೇಳಿ ಕಳಿಸಬೇಕು. ಕೇಳಿ ಸಂತೋಷಪಡುವುದಿಲ್ಲವೆಂದು ಗೊತ್ತು, ಆದರೂ ಹೇಳಿ ಕಳಿಸಬೇಕು.

ನಾಳೆಯಿಂದಲೇ ಹೊರಗೆ ಹೋಗಿ ಮುಖ ನೋಡಲು ಶುರು ಮಾಡುತ್ತೇನೆ. ಮೀನು ಪೇಟೆ ಬೇಡ, ಅಲ್ಲಿ ಅವರಿಬ್ಬರೂ ಕೂತಿರುತ್ತಾರೆ. ನದಿಯಾಚೆಯ ದನದ ಸಂತೆಗೆ ಹೋಗುವುದು ಒಳ್ಳೆಯದು. ಅಲ್ಲಿ ನನ್ನನ್ನು ಯಾರೂ ಗುರುತು ಹಿಡಿಯುವುದಿಲ್ಲ.